ಸೂಜಿ ಕೆಳಗಿಟ್ಟ ಡಾಕ್ಟರು

ಅವರು ತೀರಿಕೊಂಡ ಸುದ್ದಿಯನ್ನು ವೈನಿ, ನನ್ನ ಅಣ್ಣನ ಹೆಂಡತಿ, ಒಲೆಯ ಮೇಲಿನ ಹಾಲಿನಿಂದ ಕಣ್ಣು ತೆಗೆಯದೆ ಹೇಳಿದರು. "ಡಾಕ್ಟರು ಹೋದ್ರಂತ." ಯಾವ ಡಾಕ್ಟರೆಂದು ನಾನು ಕೇಳಲಿಲ್ಲ. ಧಾರವಾಡದ ಸಪ್ತಾಪುರದ ಈ ಮನೆಯಲ್ಲಿ ಬರೀ ಡಾಕ್ಟರು ಎಂದರೆ ಹುಬ್ಬಳ್ಳಿಯ ಆ ಶಸ್ತ್ರವೈದ್ಯರೊಬ್ಬರೇ. ನನ್ನ ಅಣ್ಣನ ಎದೆ ತೆರೆದು, ಹೃದಯದಿಂದ ಹೊರಡುವ ದೊಡ್ಡ ರಕ್ತನಾಳದ ಕೆಟ್ಟ ಭಾಗವನ್ನು ತೆಗೆದು, ಆ ಜಾಗದಲ್ಲಿ ಬಟ್ಟೆಯ ಕೊಳವೆ ಹೊಲಿದವರು. ಅಣ್ಣ ಅವರಿಗಿಂತ ಮೊದಲೇ ಹೋದ. ಇಬ್ಬರಲ್ಲಿ ಒಬ್ಬರು ಬದುಕಿದ್ದರೂ ಇದನ್ನು ಬರೆಯುವ ಹಾಗಿರಲಿಲ್ಲ.

ಈಗ ಬರೆಯಲೇ ಎಂದು ವೈನಿಯನ್ನು ಕೇಳಿದೆ.

"ಬರೀರಿ. ಆದ್ರ ನೀವು ಬರದಿದ್ದೆಲ್ಲಾ ಖರೇ ಅಂತ ನಾ ಹೇಳಾಂಗಿಲ್ಲ."

ಅವರು ಹೇಳಿದ್ದು ಸರಿ. ಆ ವರ್ಷಗಳ ನನ್ನ ದಿನಚರಿಯಲ್ಲಿ ದಿನಕ್ಕೆ ಒಂದೆರಡು ಸಾಲು ಮಾತ್ರ ಇವೆ: ‘ಆಸ್ಪತ್ರೆಗೆ ಹೋಗಿದ್ದೆ’, ‘ಅಣ್ಣ ಒಪ್ಪಲಿಲ್ಲ’. ಉಳಿದದ್ದನ್ನು ನೆನಪು ತುಂಬಿಕೊಂಡಿದೆ, ಮತ್ತು ನೆನಪು ತನಗೆ ಬೇಕಾದ ಬಣ್ಣ ಬಳಿದುಕೊಳ್ಳುತ್ತದೆ. ನಾನು ಕಾಲೇಜಿನಲ್ಲಿ ಇತಿಹಾಸ ಕಲಿಸಿದವನು. ಒಂದೇ ಸಾಕ್ಷಿಯನ್ನು ನಂಬಬೇಡಿ ಎಂದು ಹುಡುಗರಿಗೆ ಹೇಳುತ್ತಿದ್ದೆ. ಈ ವ್ಯಕ್ತಿಯ ಬಗ್ಗೆ ನನ್ನ ಹತ್ತಿರ ಇರುವ ಸಾಕ್ಷಿ ನಾನು ಮತ್ತು ವೈನಿ, ಅಷ್ಟೇ. ನಾವಿಬ್ಬರೂ ಒಂದು ಮುಖ್ಯ ಮಾತಿನಲ್ಲಿ ಇವತ್ತಿಗೂ ಒಪ್ಪುವುದಿಲ್ಲ.

ಡಾಕ್ಟರು ಸಣ್ಣ ಆಳು. ನಡೆಯುವಾಗ ಬಲಗೈ ಮಾತ್ರ ಬೀಸುತ್ತಿರಲಿಲ್ಲ. ಬಾಗಿಲನ್ನು ಎಡಗೈಯಿಂದ ತೆರೆಯುತ್ತಿದ್ದರು, ಚೀಲವನ್ನು ಎಡಗೈಯಲ್ಲಿ ಹಿಡಿಯುತ್ತಿದ್ದರು. ಅವರ ಮನೆಯಲ್ಲಿ ಮಾವಿನಹಣ್ಣು ಹೆಚ್ಚುವುದೂ ಅವರ ಹೆಂಡತಿಯ ಕೆಲಸ. "ಇವರ ಬಲಗೈ ನಮ್ಮ ಮನ್ಯಾಗ ಹೊಸಾ ಸೊಸಿ ಇದ್ದಂಗ. ಏನೂ ಕೆಲಸಾ ಹಚ್ಚಂಗಿಲ್ಲ" ಎಂದು ಆಕೆ ನಗುತ್ತಿದ್ದರು. ಅಂಗಿಯ ಕಿಸೆಯಲ್ಲಿ ಆಪರೇಷನ್ನಿನಲ್ಲಿ ಉಳಿದ ಕೊಳವೆಯ ತುಂಡೊಂದು ಇರುತ್ತಿತ್ತು. ಮಾತನಾಡುತ್ತಲೇ ಅದರ ಅಂಚಿಗೆ ಬಾಗಿದ ಸಣ್ಣ ಸೂಜಿಯಿಂದ ಹೊಲಿಗೆ ಹಾಕುವುದು, ಬಿಚ್ಚುವುದು. ನೋಡದೇ ಹೊಲಿಯುತ್ತಿದ್ದರು. ಹೆಂಗಸರು ಟಿ.ವಿ. ನೋಡುತ್ತ ಹೂ ಕಟ್ಟುವ ಹಾಗೆ.

ಅವರು ರೋಗಿಗೆ ಸುಳ್ಳು ಹೇಳುತ್ತಿರಲಿಲ್ಲ. ನಮ್ಮ ಕಡೆ ಇದು ಸಣ್ಣ ಸಂಗತಿಯಲ್ಲ. ದೊಡ್ಡ ಬೇನೆ ಬಂದರೆ ಮನೆಮಂದಿಗೆಲ್ಲ ಗೊತ್ತು, ಬೀಗರಿಗೆ ಗೊತ್ತು, ಓಣಿಗೆ ಗೊತ್ತು. ಬೇನೆ ಬಂದವನಿಗೆ ಮಾತ್ರ "ಗ್ಯಾಸ್ ಆಗೈತಿ" ಎಂದು ಹೇಳುತ್ತೇವೆ. ಒಮ್ಮೆ ನನ್ನ ಕಣ್ಣೆದುರೇ ಒಬ್ಬ ವ್ಯಾಪಾರಿ ತನ್ನ ತಂದೆಗೆ ಏನೂ ಹೇಳಬಾರದೆಂದು ಅವರ ಕೈ ಹಿಡಿದುಕೊಂಡ. ಡಾಕ್ಟರು ಮೊದಲು ತಮ್ಮ ಬಲಗೈ ಬಿಡಿಸಿಕೊಂಡರು. ಆಮೇಲೆ ಹೇಳಿದರು: "ಎದಿ ಅವರದು. ತೆಗೆಯಾಂವ ನಾನು. ಈ ಮಾತು ನಮ್ಮಿಬ್ಬರದು. ನೀವು ಹೊರಗ ಕೂಡ್ರಿ."

ಅಣ್ಣನಿಗೂ ಹಾಗೆಯೇ ಹೇಳಿದರು. ತೊಂಬತ್ತರ ದಶಕದ ಕೊನೆ ಅದು. ಅಣ್ಣ ಧಾರವಾಡದ ಹೊರಗಿನ ಬೇಲೂರು ಕೈಗಾರಿಕಾ ಪ್ರದೇಶದಲ್ಲಿ ಲೇಥ್ ಮಷೀನುಗಳ ಸಣ್ಣ ಶೆಡ್ ನಡೆಸುತ್ತಿದ್ದ. ಮಷೀನುಗಳ ಸದ್ದಿನ ಮೇಲೆ ಕೂಗಿ ಕೂಗಿ ಬೆಳೆದ ಧ್ವನಿ ಅವನದು. ಮನೆಯಲ್ಲೂ ಉಪ್ಪು ಕೇಳಿದರೆ ಪಕ್ಕದ ಮನೆಯವರು ಕೊಡಬೇಕು. ಆ ಧ್ವನಿ ಒಂದು ಚಳಿಗಾಲದಲ್ಲಿ ಒಡೆಯಿತು. ಉಪ್ಪುನೀರು, ಜ್ಯೇಷ್ಠಮಧು, ಗಂಟಲಿನ ಡಾಕ್ಟರು ಎಲ್ಲ ಆದವು. ಕೊನೆಗೆ ಯಾರೋ ಎದೆಯ ಎಕ್ಸ್-ರೇ ತೆಗೆಸಿದರು. ಅಲ್ಲಿಂದ ನಾವು ಹುಬ್ಬಳ್ಳಿಗೆ ಹೋದೆವು.

ಡಾಕ್ಟರು ನಮ್ಮ ಛತ್ರಿ ತೆಗೆದುಕೊಂಡು ಮೇಜಿನ ಮೇಲೆ ನಿಲ್ಲಿಸಿದರು. ಅದು ತನ್ನ ಮಡಚುವ ಛತ್ರಿ ಎಂದು ವೈನಿ ಹೇಳುತ್ತಾರೆ. ಮಡಚುವ ಛತ್ರಿಗೆ ಬಾಗಿದ ಹಿಡಿಕೆ ಇರುವುದಿಲ್ಲ, ಆದ್ದರಿಂದ ಅದು ನನ್ನ ಕರೀ ಛತ್ರಿಯೇ.

"ಯಜಮಾನ್ರ, ಇದು ನಿಮ್ಮ ಎದಿಯೊಳಗಿನ ದೊಡ್ಡ ನಾಳ ಅಂತ ತಿಳೀರಿ. ಈ ಬಾಗಿದ ಹಿಡಿಕಿ ಉಬ್ಬೇದ. ಉಬ್ಬಿ ನಿಮ್ಮ ಧ್ವನಿಯ ನರ ಒತ್ತೇದ. ಕೆಳಗಿನ ಕೋಲೂ ಉಬ್ಬೇದ. ಬಿಟ್ಟರ ಒಂದ ದಿವಸ ಒಡೀತದ. ಒಡದರ ಇಲ್ಲಿಗೆ ಬರೂದರೊಳಗ ಮುಗೀತದ."

ವೈನಿ ಸೆರಗಿನ ಅಂಚನ್ನು ಬಾಯಿಗೆ ಒತ್ತಿಕೊಂಡರು. ಅಣ್ಣ ಛತ್ರಿಯನ್ನೇ ನೋಡುತ್ತಿದ್ದ.

"ಟೈರ್‌ಗೆ ಬಲೂನ್ ಬರ್ತೈತಲ್ರಿ, ಹಂಗ ಅನ್ರಿ."

"ಹಂಗ ಅನ್ರಿ. ಎರಡು ಸಲ ಮಾಡಬೇಕಾಗತದ. ಮೊದಲ ಮುಂದಿನಿಂದ ಎದಿ ತೆಗೆದು ಹಿಡಿಕಿ ಬದಲು ಮಾಡ್ತೀನಿ. ಹೊಸಾ ಕೊಳವಿ ಸ್ವಲ್ಪ ಉದ್ದ ಇಟ್ಟು ಕೋಲಿನೊಳಗ ಜೋತು ಬಿಡ್ತೀನಿ, ಆನಿ ಸೊಂಡಿಲು ಬಿಟ್ಟಂಗ. ನೀವು ಸುಧಾರಿಸಿಕೊಂಡ ಮ್ಯಾಲೆ ಎಡಗಡೆ ಪಕ್ಕಡಿಯಿಂದ ಒಳಗ ಹೋಗಿ, ಆ ಸೊಂಡಿಲು ಹಿಡಿದು, ಕೆಳಗ ಛಲೋ ಇದ್ದ ನಾಳಕ್ಕ ಹೊಲೀತೀನಿ."

"ಅರ್ಧಾ ಕೆಲಸಾ ಮಾಡಿ ಅರ್ಧಾ ಬಿಟ್ಟು ಹೋದ್ರ ನಮ್ಮ ಶೆಡ್‌ನ್ಯಾಗ ಬೈತೇವ್ರಿ ಸಾಹೇಬ್ರ."

"ಬೈರಿ. ಎರಡನೇ ಸಲ ಬಂದು ಬೈರಿ." ಆಮೇಲೆ ಅವರು ನಗು ನಿಲ್ಲಿಸಿದರು. "ಇನ್ನೊಂದು ಮಾತದ. ಬೆನ್ನುಹುರಿಗೆ ರಕ್ತ ಹೋಗೋದು ಈ ಕೋಲಿನಿಂದ. ಎರಡನೇ ಸಲಕ್ಕ ಎಷ್ಟ ಛಲೋ ಹೊಲಿದರೂ ಒಮ್ಮೊಮ್ಮೆ ಕಾಲು ಹೋಗತಾವ. ಯಾರಿಗೆ ಹೋಗತಾವ ಅಂತ ಮೊದಲ ಹೇಳಲಿಕ್ಕೆ ಬರೂದಿಲ್ಲ."

ಅಣ್ಣ ಡಾಕ್ಟರ ಕಿಸೆಯಲ್ಲಿದ್ದ ಕೊಳವೆಯ ತುಂಡನ್ನು ಕೇಳಿ ತೆಗೆದುಕೊಂಡು ಜಗ್ಗಿ ನೋಡಿದ. ಸೀರೆಯ ನಿರಿಗೆಯ ಹಾಗೆ ಅದು ಬಿಚ್ಚಿಕೊಂಡು ಮತ್ತೆ ಕೂಡಿಕೊಂಡಿತು.

"ಟೆರಿಕಾಟ್ ಏನ್ರಿ ಇದು?"

"ಅದರ ಅಣ್ತಮ್ಮ ಅನ್ರಿ."

"ಸೋರಂಗಿಲ್ಲೇನ್ರಿ?"

"ಸೋರತದ. ಅದಕ್ಕ ನಿಮ್ಮ ರಕ್ತದೊಳಗಿನ ತಿಳಿ ತೆಗೆದು, ಅದರೊಳಗ ನೆನಸಿ, ಬಿಸಿಗೆ ಇಟ್ಟು ಹದಾ ಮಾಡ್ತೀವಿ. ಅಂಗಿಗೆ ಗಂಜಿ ಹಾಕಿದಂಗ."

"ಅಂಗೀನೂ ನಂದು, ಗಂಜೀನೂ ನಂದು. ನೀವು ಬರೇ ಸಿಂಪಿಗ್ಯಾರು" ಎಂದ ಅಣ್ಣ. ದರ್ಜಿ ಎಂದು ಕರೆಸಿಕೊಂಡದ್ದಕ್ಕೆ ಡಾಕ್ಟರು ಬಹಳ ಸಂತೋಷಪಟ್ಟರು. ಅವರಿಬ್ಬರ ನಡುವೆ ಏನೋ ಕೂಡಿಕೊಂಡದ್ದು ಆಗಲೇ ಇರಬೇಕು.

ಮೊದಲ ಆಪರೇಷನ್ ಒಂದು ಇಡೀ ಹಗಲನ್ನು ತೆಗೆದುಕೊಂಡಿತು. ಮೈಯನ್ನು ತಣ್ಣಗೆ ಮಾಡಿ, ರಕ್ತದ ಓಡಾಟವನ್ನೇ ಸ್ವಲ್ಪ ಹೊತ್ತು ನಿಲ್ಲಿಸಿ ಹೊಲಿಯಬೇಕಾಗುತ್ತದೆಂದು ಮೊದಲೇ ಹೇಳಿದ್ದರು. ಆ ‘ಸ್ವಲ್ಪ ಹೊತ್ತು’ ಯಾವಾಗ ಬಂತು, ಯಾವಾಗ ಹೋಯಿತು ಎಂದು ಗೊತ್ತಾಗದೆ ನಾವು ಹೊರಗೆ ಕುಳಿತಿದ್ದೆವು. ಅಣ್ಣ ಉಳಿದ. ಒಡೆದ ಧ್ವನಿ ಒಡೆದೇ ಉಳಿಯಿತು, ಆದರೆ ಅದರಿಂದಲೇ ಅವನು ಊರಿಗೆಲ್ಲ ಸಾರಿದ. ಶೆಡ್ಡಿಗೆ ಬಂದವರಿಗೆಲ್ಲ ಅಂಗಿಯ ಗುಂಡಿ ಬಿಚ್ಚಿ ಗಾಯ ತೋರಿಸುತ್ತಿದ್ದ. "ನನ್ನೊಳಗೊಂದು ಆನಿ ಐತ್ರಿ. ಸಾಹೇಬ್ರ ಕೈಗುಣಾ."

ಕೈಗುಣ. ಈ ಎರಡು ಊರುಗಳಲ್ಲಿ ಡಾಕ್ಟರರನ್ನು ಅಳೆಯುವ ಮಾಪು ಇದೊಂದೇ. ಅವರ ಕಡೆ ಹೋದರೆ ಬರೀ ನೀರು ಕೊಟ್ಟರೂ ಗುಣ. ಇವರ ಕಡೆ ಹೋದರೆ ಅಮೃತವೂ ದಂಡ. ಯಾರು ಎಲ್ಲಿ ಕಲಿತರು, ಏನು ಕಲಿತರು ಎಂದು ಯಾರೂ ಕೇಳುವುದಿಲ್ಲ. ನಾನು ಇಂಥ ಮಾತಿಗೆ ನಗುವವನು. ಆದರೆ ಅಣ್ಣ ನಮ್ಮ ಓಣಿಯಲ್ಲಿ ಮತ್ತೆ ನಡೆದುಬರುವುದನ್ನು ಕಂಡಾಗ ನಗುತ್ತಿದ್ದೆನೇ? ಇಲ್ಲ ಅನ್ನಿಸುತ್ತದೆ.

ಎರಡನೆಯ ಆಪರೇಷನ್ನಿನ ದಿನ ಹತ್ತಿರ ಬಂದಾಗ ಡಾಕ್ಟರೇ ನಮ್ಮ ಮನೆಗೆ ಬಂದರು. ಕುತ್ತಿಗೆಗೆ ಬೆಲ್ಟು ಹಾಕಿದ್ದರು. ವರ್ಷಗಟ್ಟಲೆ ಬಾಗಿ ನಿಂತು ಹೊಲಿದದ್ದಕ್ಕೆ ಕುತ್ತಿಗೆಯ ನರ ಒತ್ತಿ, ಬಲಗೈಯ ಹೆಬ್ಬೆರಳು ಮತ್ತು ಪಕ್ಕದ ಬೆರಳಿನ ಸ್ಪರ್ಶ ಹೋಗಿತ್ತು.

"ಸೂಜಿ ಕೈಯಾಗ ಅದನೋ ಇಲ್ಲೋ ಅಂತ ಕಣ್ಣಿಲೆ ನೋಡಿದರ ಅಷ್ಟ ಗೊತ್ತಾಗಲಿಕ್ಕೆ ಹತ್ತೇದ. ಇನ್ನ ನಾ ಹೊಲಿಯೂದಿಲ್ಲ ಯಜಮಾನ್ರ."

ಯಾರೂ ಗಮನಿಸಿರಲಿಲ್ಲ. ಅವರು ಸುಮ್ಮನಿದ್ದರೆ ಇನ್ನೂ ಕೆಲವು ಕಾಲ ನಡೆಯುತ್ತಿತ್ತು ಎಂದು ಆಮೇಲೆ ಅವರ ಹೆಂಡತಿ ಹೇಳಿದರು. ತಮ್ಮ ಕೈ ತಮಗೆ ಸುಳ್ಳು ಹೇಳಲು ಶುರುಮಾಡಿದ ದಿನ ಅವರು ಸೂಜಿ ಕೆಳಗಿಟ್ಟರು.

ಅಣ್ಣನ ಆಪರೇಷನ್ನನ್ನು ಅವರ ಕೈಕೆಳಗೆ ಕಲಿತ ಕಿರಿಯ ಡಾಕ್ಟರು ಮಾಡಬೇಕೆಂದು ಅವರು ಹೇಳಿದರು. ಅಣ್ಣ ಒಪ್ಪಲಿಲ್ಲ. ಆ ಕಿರಿಯ ಡಾಕ್ಟರು ಸ್ವತಂತ್ರವಾಗಿ ಮಾಡಿದ ಮೊದಲ ಆಪರೇಷನ್ನಿನಲ್ಲಿಯೇ ಹುಬ್ಬಳ್ಳಿಯ ನಾಲ್ಕು ಮಂದಿಗೆ ಗೊತ್ತಿದ್ದ ಒಬ್ಬ ದೊಡ್ಡ ಮನುಷ್ಯ ಹೋಗಿಬಿಟ್ಟಿದ್ದ. ಅಲ್ಲಿಗೆ ಊರು ತೀರ್ಪು ಕೊಟ್ಟಾಗಿತ್ತು.

"ಆ ಹುಡುಗನ ಕೈಗುಣ ಛಲೋ ಇಲ್ಲ ಅಂತ ಯಾರನ್ನ ಕೇಳಿದ್ರೂ ಹೇಳ್ತಾರ್ರಿ."

"ಕೈಗುಣ ಇರೋದು ಮಂದಿ ಬಾಯಾಗ್ರಿ. ಕೈಯೊಳಗ ಇರೋದು ಹೊಲಿಗಿ. ಅವನ ಹೊಲಿಗಿ ಛಲೋ ಅದ."

"ಹಂಗಾರ ನಾ ಮೊದಲ ನಿಮ್ಮ ಕಡೆ ಯಾಕ ಬಂದ್ನಿ ಸಾಹೇಬ್ರ? ಮಂದಿ ಬಾಯಿ ಕೇಳೇ ಬಂದ್ನಿ."

ಡಾಕ್ಟರು ಅಷ್ಟಕ್ಕೇ ಬಿಡಲಿಲ್ಲ. ಮತ್ತೆ ಮತ್ತೆ ಬಂದರು. ಬೆಂಗಳೂರಿಗೆ ಹೋಗಿರಿ, ಮುಂಬೈಗೆ ಹೋಗಿರಿ ಎಂದರು. ಅಣ್ಣನದು ಒಂದೇ ಮಾತು: "ಸೊಂಡಿಲಾ ಬಿಟ್ಟವರು ನೀವು. ಹಿಡೀಬೇಕಾದವರೂ ನೀವು. ನಿಮ್ಮ ಕೈ ಸುಧಾರಿಸೂಮಟಾ ಕಾಯ್ತೇನಿ." ನನ್ನ ವಾದ ಅವನಿಗೆ ಲೆಕ್ಕಕ್ಕೇ ಇರಲಿಲ್ಲ. "ಲೇ ಮಾಸ್ತರ, ನಿನ್ನ ರಾಜರೆಲ್ಲಾ ಸತ್ತ ಮ್ಯಾಲೆ ನೀ ಪಾಠಾ ಮಾಡ್ತಿ. ನಾ ಇನ್ನಾ ಅದೇನಿ, ಸುಮ್ನ ಕುಂದರು."

ಹೀಗೆ ತಿಂಗಳುಗಳು ಹೋದವು. ಆಮೇಲೆ ಬೆನ್ನು ನೋವು ಶುರುವಾಯಿತು, ಎರಡು ಭುಜಗಳ ನಡುವೆ. ಹೊಸ ಸ್ಕ್ಯಾನಿನಲ್ಲಿ ಕೆಳಗಿನ ಉಬ್ಬು ದೊಡ್ಡದಾಗಿತ್ತು. ಇನ್ನು ತಡ ಮಾಡಿದರೆ ಉಳಿಯುವುದಿಲ್ಲ ಎಂದು ಡಾಕ್ಟರು ಅಣ್ಣನಿಗೇ ನೇರವಾಗಿ ಹೇಳಿದರು. ಅಣ್ಣ ಗೋಡೆಗೆ ಒರಗಿ ಕುಳಿತು, ಉಸಿರನ್ನು ತುಂಡು ತುಂಡಾಗಿ ತೆಗೆದುಕೊಳ್ಳುತ್ತ, "ನಿಮ್ಮ ಕೈಲೆ ಆದ್ರ ಆತು" ಎಂದ.

ವೈನಿ ನನ್ನನ್ನು ಕರೆದುಕೊಂಡು ಹುಬ್ಬಳ್ಳಿಯ ದೇಶಪಾಂಡೆ ನಗರದ ಡಾಕ್ಟರರ ಮನೆಗೆ ಹೋದರು. ಅಲ್ಲಿ ಚಹಾ ಬಂತು. ವೈನಿ ಕಪ್ಪನ್ನು ಮುಟ್ಟಲಿಲ್ಲ.

"ಡಾಕ್ಟ್ರ, ನಾನ ಮಾಡ್ತೇನಿ ಅಂತ ಒಂದ ಮಾತು ಅವರಿಗೆ ಹೇಳ್ರಿ. ಮದ್ದು ಕೊಟ್ಟು ಮಲಗಿಸಿದ ಮ್ಯಾಲೆ ಯಾರ ಕೈ ಅಂತ ಅವರಿಗೇನು ಗೊತ್ತಾಗ್ತೈತಿ?"

ಡಾಕ್ಟರು ತಮ್ಮ ಬಲಗೈ ನೋಡಿಕೊಂಡರು. "ಅಕ್ಕಾರ, ಇಷ್ಟ ವರ್ಷ ಯಾರ ಎದಿ ತೆಗೆದರೂ ಅವರಿಗೆ ಖರೇ ಹೇಳಿ ತೆಗೆದೀನಿ."

"ನಿಮ್ಮ ಖರೇ ನಿಮ್ಮ ಹತ್ರ ಇರ್ಲಿ. ಅವರು ಬೆನ್ನು ಹಿಡ್ಕೊಂಡು ಕುಂತ ಕುಂತ ಬೆಳಕು ಹರಸಾಕತ್ತಾರ. ನಾಳೆ ಅವರು ಸತ್ರ ನಿಮ್ಮ ಖರೇ ತಗೊಂಡು ನಾ ಏನ್ ಮಾಡ್ಲಿ?"

ವೈನಿ ಅಳಲಿಲ್ಲ. ಅತ್ತಿದ್ದರೆ ಡಾಕ್ಟರಿಗೆ ಸಮಾಧಾನ ಹೇಳಿ ಕಳಿಸುವುದು ಸುಲಭವಾಗುತ್ತಿತ್ತು.

"ಚಾ ಆರಲಿಕ್ಕೆ ಹತ್ತೇದ. ಕುಡೀರಿ" ಎಂದರು ಅವರು.

ಮರುದಿನ ಧಾರವಾಡಕ್ಕೆ ಬಂದರು. ಕುತ್ತಿಗೆಯ ಬೆಲ್ಟು ತೆಗೆದು ಬಂದಿದ್ದರು. ಅಣ್ಣ ಅದನ್ನು ನೋಡಿದ.

"ಕೈ ಹೆಂಗೈತ್ರಿ ಸಾಹೇಬ್ರ?"

"ಸುಧಾರಿಸೇದ."

"ನೀವ ಹೊಲೀತೀರೇನ್ರಿ ಹಂಗಾರ?"

ನಾನೂ ವೈನಿಯೂ ಒಪ್ಪದಿರುವುದು ಇಲ್ಲಿಯೇ. ಡಾಕ್ಟರು "ಹೂಂ" ಎಂದರು ಎಂದು ವೈನಿ ಹೇಳುತ್ತಾರೆ. ಬಾಯಿ ತೆರೆಯಲಿಲ್ಲ, ತಲೆ ಮಾತ್ರ ಆಡಿಸಿದರು ಎಂದು ನನ್ನ ನೆನಪು. ವ್ಯತ್ಯಾಸವೇನು ಎಂದು ವೈನಿ ಕೇಳುತ್ತಾರೆ. ಏನೂ ಇಲ್ಲ. ಆದರೂ ಅವರು ಬಾಯಿ ತೆರೆಯಲಿಲ್ಲವೆಂದೇ ನಾನು ನೆನಪಿಟ್ಟುಕೊಂಡಿದ್ದೇನೆ. ಅದು ಕಂಡದ್ದೋ, ನನಗೆ ಬೇಕಾದದ್ದೋ, ಹೇಳಲಾರೆ.

ಅಣ್ಣ ನಗುತ್ತ ಆಪರೇಷನ್ ಕೋಣೆಯೊಳಗೆ ಹೋದ. ಕಿರಿಯ ಡಾಕ್ಟರು ಹೊಲಿದರು. ನಮ್ಮ ಡಾಕ್ಟರು ಕೈ ಕಟ್ಟಿಕೊಂಡು ತಲೆಯ ಹತ್ತಿರ ನಿಂತಿದ್ದರಂತೆ, ಮುಗಿಯುವವರೆಗೂ ಕದಲಲಿಲ್ಲವಂತೆ. ಹೊರಗೆ ಬಂದು, "ಹೊಲಿಗಿ ಛಲೋ ಆಗೇದ. ನನ್ನದಕ್ಕಿಂತ ಛಲೋ" ಎಂದರು. ಅವರ ಮುಖದಲ್ಲಿ ಅಂಥ ನಿರಾಳವನ್ನು ಹಿಂದೆ ಕಂಡಿರಲಿಲ್ಲ.

ಎಚ್ಚರವಾದ ಮೇಲೆ ಅಣ್ಣನ ಕೈಗಳು ಆಡಿದವು. ಡಾಕ್ಟರು ಹಾಸಿಗೆಯ ಕಾಲಿನ ಕಡೆ ನಿಂತರು.

"ಬೆರಳು ಅಲ್ಲಾಡಸ್ರಿ ಯಜಮಾನ್ರ."

"ಅಲ್ಲಾಡಸಾಕತ್ತೇನಲ್ರಿ."

ಪಾದಗಳು ಹಾಸಿಗೆಯ ಮೇಲೆ ಸುಮ್ಮನಿದ್ದವು. ಡಾಕ್ಟರು ಬಲ ಹೆಬ್ಬೆರಳಿನಿಂದ ಅಂಗಾಲು ಒತ್ತಿದರು. ಒತ್ತಿ, ತಮ್ಮ ಹೆಬ್ಬೆರಳನ್ನೇ ನೋಡಿದರು. ಅದಕ್ಕೂ ಏನೂ ತಿಳಿಯುತ್ತಿರಲಿಲ್ಲ. ಎಡಗೈಗೆ ಬದಲಿಸಿ ಮತ್ತೆ ಒತ್ತಿದರು.

"ಅಲ್ಲಾಡಾಕತ್ತಾವೋ ಇಲ್ಲೋ?" ಅಣ್ಣ ನಮ್ಮೆಲ್ಲರ ಮುಖ ನೋಡುತ್ತ ಕೇಳಿದ.

"ಇಲ್ಲರಿ" ಎಂದರು ಡಾಕ್ಟರು.

ಹೊರಗೆ ಕಿರಿಯ ಡಾಕ್ಟರು ಗೋಡೆಗೆ ಹಣೆ ಹಚ್ಚಿ ನಿಂತಿದ್ದರು. "ಸರ್, ನಾನ ಹೋಗಿ ಹೇಳ್ತೀನಿ, ನಾ ಮಾಡಿದ್ದು ಅಂತ."

"ಏನ್ ಹೇಳ್ತಿ? ನಿನ್ನ ಹೊಲಿಗಿಯೊಳಗ ತಪ್ಪಿಲ್ಲ. ಬೆನ್ನುಹುರಿಯ ರಕ್ತ ಯಾರ ಮಾತೂ ಕೇಳೂದಿಲ್ಲ. ಆದರ ಊರು ಅದನ್ನ ಕೇಳೂದಿಲ್ಲಪಾ, ಊರು ಕೇಳೋದು ಯಾರ ಕೈ ಅಂತ. ನಾಳಿಂದ ನಿನ್ನ ಕಡೆ ಒಂದು ನರಪಿಳ್ಳಿ ಬರೂದಿಲ್ಲ. ನೀ ಇನ್ನ ಎಷ್ಟ ಮಂದಿಗೆ ಹೊಲೀಬೇಕಾಗೇದ. ನನ್ನ ಕೈ ಮುಗದದ. ಮುಗದ ಕೈಗೆ ಹೆಸರು ಕೆಟ್ಟರ ಏನಾತು?" ನಮ್ಮ ಕಡೆ ತಿರುಗಿದರು. "ನೀವೂ ಹೇಳಬ್ಯಾಡ್ರಿ."

"ಆ ಸುಳ್ಳು ನನ್ನ ಸಲುವಾಗಿ..." ಎಂದು ವೈನಿ ಶುರುಮಾಡಿದರು.

"ಕೇಳಿದವರು ನೀವು, ಅಕ್ಕಾರ. ಹೇಳಿದಾಂವ ನಾನು."

ಹಾಗೆ ಊರು ಮಾತನಾಡಿತು. ಕೈಗುಣ ಹೋದ ಮೇಲೂ ಆಸೆಗೆ ಬಿದ್ದು ಹೊಲಿದರು, ಒಬ್ಬ ಗಟ್ಟಿ ಮನುಷ್ಯನ ಕಾಲು ತೆಗೆದರು ಎಂದು ಚಹಾದ ಅಂಗಡಿಯಲ್ಲಿ ನನ್ನೆದುರೇ ಒಬ್ಬ ಹೇಳಿದ. ಕಿರಿಯ ಡಾಕ್ಟರ ಕಡೆ ನಿಧಾನವಾಗಿ ರೋಗಿಗಳು ಬರತೊಡಗಿದರು. ಈಗ ಅವರು ದೂರದ ಊರಿನಲ್ಲಿದ್ದಾರೆ. ಕೈಗುಣ ಬಹಳ ಛಲೋ ಎಂದು ಹೆಸರಾಗಿದೆಯಂತೆ. ನಮ್ಮ ಡಾಕ್ಟರು ಮಾಡಿದ್ದು ಸರಿಯೇ? ಒಬ್ಬ ಹುಡುಗನನ್ನು ಉಳಿಸಲು ಅಣ್ಣನಿಗೆ ಅವನ ಮೈಯ ಸತ್ಯವನ್ನೇ ಇಲ್ಲವಾಗಿಸಿದರಲ್ಲ? ಎದೆ ರೋಗಿಯದು, ಅದರ ಮಾತೂ ರೋಗಿಯ ಜೊತೆಗೇ ಎಂದವರು ಡಾಕ್ಟರೇ. ಈ ಪ್ರಶ್ನೆಯನ್ನು ನಾನು ಅವರಿಗೆ ಕೇಳಬೇಕೆಂದುಕೊಂಡ ದಿನಗಳೆಷ್ಟೋ. ಅವರು ಬಸ್ಸಿನಿಂದಿಳಿದು ನಮ್ಮ ಓಣಿಯಲ್ಲಿ ಬರುವುದನ್ನು ಕಂಡರೆ ಎದ್ದು ಹೋಗಿ ಬಾಗಿಲು ತೆರೆಯುತ್ತಿದ್ದೆ, ಅಷ್ಟೇ.

ಪ್ರತಿ ರವಿವಾರ ಬರುತ್ತಿದ್ದರು. ಅಣ್ಣನನ್ನು ಮಗ್ಗುಲಿಗೆ ಹೊರಳಿಸುವುದು ಹೇಗೆ, ಬೆನ್ನಿಗೆ ಹುಣ್ಣಾಗದಂತೆ ದಿಂಬು ಎಲ್ಲಿ ಇಡಬೇಕು ಎಂದು ವೈನಿಗೆ ಕಲಿಸಿದವರು ಅವರೇ. ಎಡಗೈಯಿಂದ ತಾವೂ ಎತ್ತುತ್ತಿದ್ದರು. ಅಣ್ಣ ಅವರ ಮುಖ ನೋಡುತ್ತಿರಲಿಲ್ಲ. ಮೊದಮೊದಲು ಚುಚ್ಚುತ್ತಿದ್ದ: "ಬಂದ್ರು ನೋಡ, ಇನ್ನೇನು ಉಳದೈತಿ ಕತ್ತರಸಾಕ?" ಆಮೇಲೆ ಅದನ್ನೂ ಬಿಟ್ಟು ಗೋಡೆಯ ಕಡೆ ತಿರುಗಿ ಮಲಗುತ್ತಿದ್ದ. ಡಾಕ್ಟರು ಆ ಬೆನ್ನಿನ ಜೊತೆ ಅರ್ಧ ತಾಸು ಕುಳಿತು ಎದ್ದು ಹೋಗುತ್ತಿದ್ದರು. ಒಂದು ರವಿವಾರ ವೈನಿ ತಡೆಯಲಾರದೆ, "ಬರಬ್ಯಾಡ್ರಿ ಡಾಕ್ಟ್ರ, ನಿಮಗ್ಯಾಕ ಈ ಮಾತು ಕೇಳೂ ಕರ್ಮ" ಎಂದರು. ಅವರು ಚಪ್ಪಲಿ ಹಾಕಿಕೊಳ್ಳುತ್ತ, "ಬಯ್ಯಲಿಕ್ಕೆ ಅವರಿಗೊಬ್ಬರು ಬೇಕಲ್ರಿ" ಎಂದರು.

ಅಣ್ಣನಿಗೆ ಮೂತ್ರದ ಸೋಂಕು ರಕ್ತಕ್ಕೇರಿ ಜ್ವರ ಬಿಡದಿದ್ದ ಕೊನೆಯ ದಿನಗಳು. ರವಿವಾರ ಮಧ್ಯಾಹ್ನ. ಡಾಕ್ಟರು ಎಂದಿನಂತೆ ಕುರ್ಚಿಯ ಮೇಲೆ ಕುಳಿತಿದ್ದರು. ನಾನು ಬಾಗಿಲಲ್ಲಿದ್ದೆ, ವೈನಿ ಒದ್ದೆ ಬಟ್ಟೆಯನ್ನು ಹಣೆಗೆ ಹಚ್ಚುತ್ತಿದ್ದರು. ಅಣ್ಣ ಗೋಡೆಯ ಕಡೆಯಿಂದ ಮುಖ ತಿರುಗಿಸಿ, ಬಹಳ ದಿನಗಳ ಮೇಲೆ, ಅವರನ್ನು ನೋಡಿದ. ಸಿಟ್ಟು ಇರಲಿಲ್ಲ. ಆ ಒಡಕು ಧ್ವನಿಯಲ್ಲಿ ಕೇಳಿದ:

"ಸಾಹೇಬ್ರ, ಆವತ್ತು ನಿಮ್ಮ ಕೈ ನಡುಗಿತ್ತೇನ್ರಿ?"

ವೈನಿಯ ಕೈ ನಿಂತಿತು. ಡಾಕ್ಟರು ನಮ್ಮತ್ತ ನೋಡಲಿಲ್ಲ. ಈ ಸಲ ಅವರು ಬಾಯಿ ತೆರೆದೇ ಹೇಳಿದ್ದನ್ನು ನಾವಿಬ್ಬರೂ ಕೇಳಿದೆವು.

"ನಡುಗಿತ್ತು."

ಅಣ್ಣ ಉಸಿರು ಕೂಡಿಸಿ­ಕೊಂಡ.

"ಮೊದಲ ಹೇಳಬೇಕಾಗಿತ್ತಲ್ರಿ. ನಾ ಬ್ಯಾರೆಯವರ ಕೈಲೆ ಮಾಡಿಸ್ಕೋತಿದ್ನಿ."

"ಹೌದ್ರಿ ಯಜಮಾನ್ರ" ಎಂದರು ಡಾಕ್ಟರು. "ಹೇಳಬೇಕಾಗಿತ್ತು."